ಆಚೆ ದಂಡೆಯ ಉತ್ತರ

ಅಡಿವೆವ್ವ ಉತ್ತರ ಕೊಡದ ದಿನ ಬೆಳಗಿನಿಂದಲೇ ನನ್ನ ಗಂಟಲು ಕಟ್ಟಿತ್ತು. ಬಿಸಿನೀರು ಕುಡಿದು ಕಟ್ಟೆಗೆ ಬಂದು, ಕೊಳ್ಳದ ಅಂಚಿಗೆ ನಿಂತು ಮೊದಲ ಮಾತು ಕೂಗಿದೆ. ಕಂಬಾರ ಈರಪ್ಪ ತನ್ನ ಬಿಳಿ ಎತ್ತನ್ನು ದ್ಯಾಮಣ್ಣನಿಗೆ ಕೊಟ್ಟು ದ್ಯಾಮಣ್ಣನ ಎಮ್ಮೆಯನ್ನು ತಾನು ತಗೊಂಡಿದ್ದಾನೆ, ಎತ್ತಿನ ಬಲಗೋಡು ಮುರಿದಿದೆ, ಅದನ್ನು ಕಂಡೇ ದ್ಯಾಮಣ್ಣ ಒಪ್ಪಿದ್ದಾನೆ. ಇಷ್ಟನ್ನು ಕೂಗಿ ಕಿವಿಯ ಹಿಂದೆ ಕೈಯಿಟ್ಟು ಕಾದೆ. ಕೆಳಗೆ ಹಳ್ಳದ ಸದ್ದು ಬಿಟ್ಟರೆ ಇನ್ನೇನೂ ಕೇಳಲಿಲ್ಲ. ಗಾಳಿ ಎದುರಿಗಿದೆಯೇನೋ ಅಂದುಕೊಂಡು ಇನ್ನೊಮ್ಮೆ ಕೂಗಿದೆ. ಗಾಳಿ ಇರಲೇ ಇಲ್ಲ.

ನಮ್ಮ ಊರಿನಲ್ಲಿ ಬರೆದದ್ದು ನಿಲ್ಲುವುದಿಲ್ಲ. ಕಾಗದದ ಮೇಲೆ ಬರೆದರೆ ಬೆಳಗಾಗುವಷ್ಟರಲ್ಲಿ ಕಾಗದ ಬೆಳ್ಳಗಾಗಿರುತ್ತದೆ. ಕಲ್ಲಿನಲ್ಲಿ ಕೊರೆದರೆ ಗಾಯ ಮಾಯುವಂತೆ ನಿಧಾನವಾಗಿ ಮಾಯುತ್ತದೆ. ಹೊರಗಿನಿಂದ ಬಂದವರು ತಮ್ಮ ಚೀಲ ಬಿಚ್ಚಿ ನೋಡಿ ಗಾಬರಿಯಾಗುತ್ತಾರೆ, ನಮಗೆ ಅದೊಂದು ಸಂಗತಿಯೇ ಅಲ್ಲ. ನಮ್ಮಲ್ಲಿ ಮಾತು ಹಿಡಿಯುವವರು ಇದ್ದಾರೆ. ಕೊಳ್ಳದ ಈಚೆ ದಂಡೆಗೆ ಒಬ್ಬರು, ಆಚೆ ದಂಡೆಗೆ ಒಬ್ಬರು. ಮದುವೆ, ಹೆರಿಗೆ, ಸಾವು, ಹೊಲದ ಬದು, ಬಾವಿಯ ಸರದಿ, ಏನೇ ಆದರೂ ಊರಿನವರು ಈಚೆ ದಂಡೆಯವರಿಗೆ ಬಂದು ಹೇಳುತ್ತಾರೆ. ಈಚೆಯವರು ಅದನ್ನು ಒಂದಕ್ಷರ ಬಿಡದೆ ಆಚೆಗೆ ಕೂಗುತ್ತಾರೆ. ಆಚೆಯವರು ಪೂರ್ತಿ ತಿರುಗಿ ಹೇಳಿ ‘ಆಯ್ತು’ ಎನ್ನುತ್ತಾರೆ. ಅದನ್ನು ಕೇಳಿದ ಮೇಲೆಯೇ ಈಚೆಯವರು ಎದುರಿಗೆ ನಿಂತವರ ಕಡೆ ತಿರುಗಿ ‘ಆಯ್ತು’ ಎನ್ನಬೇಕು. ಅಲ್ಲಿಯವರೆಗೆ ಏನೂ ಆಗಿರುವುದಿಲ್ಲ. ಅಷ್ಟರೊಳಗೆ ಹೇಳಿದವರು ಸತ್ತರೆ ಅವರ ಮಾತೂ ಅವರ ಜೊತೆ ಹೋದಂತೆ. ನಮ್ಮ ಅಜ್ಜಿಯ ಕಾಲಕ್ಕಿಂತ ಮೊದಲು ಮಾತು ಹಿಡಿಯುವವರು ಒಬ್ಬರೇ ಇದ್ದರಂತೆ. ಅವರು ಜ್ವರ ಬಂದು ಸತ್ತಾಗ ಯಾರ ಹೊಲ ಯಾರದು, ಯಾರ ಹೆಂಡತಿ ಯಾರು ಎನ್ನುವುದೇ ಗೊತ್ತಿಲ್ಲದೆ ಊರು ಹೊಡೆದಾಡಿತಂತೆ. ಆಮೇಲೆ ಇಬ್ಬರಾದರು. ಒಂದು ದಂಡೆಗೆ ಬೇನೆ ಬಂದರೆ ಇನ್ನೊಂದು ಉಳಿಯಲಿ ಎಂದು ನಡುವೆ ಕೊಳ್ಳವನ್ನಿಟ್ಟರು.

ನಾನು ಮತ್ತು ಅಡಿವೆವ್ವ ಒಬ್ಬನೇ ಮುದುಕನ ಹತ್ತಿರ ಕಲಿತವರು. ಅವಳ ದನಿ ದೊಡ್ಡದು, ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ಹಾಗಾಗಿ ಅವಳನ್ನು ಆಚೆಗೆ ಕಳಿಸಿದರು. ಅಲ್ಲಿ ಒಂದೇ ಮನೆ. ಹಳ್ಳ ದಾಟಿ ಗುಡ್ಡ ಹತ್ತಬೇಕೆಂದರೆ ಅರ್ಧ ದಿನ ಬೇಕು, ಮಳೆಗಾಲದಲ್ಲಿ ದಾಟುವುದಕ್ಕೇ ಆಗುವುದಿಲ್ಲ. ಸುಗ್ಗಿಯಾದ ಮೇಲೆ ಊರಿನವರು ಜೋಳದ ಚೀಲ, ಎಣ್ಣೆ, ಕಂಬಳಿ ಹೊತ್ತು ಕೊಟ್ಟು ಬರುತ್ತಾರೆ. ಉಳಿದ ದಿನ ಅವಳಿಗೆ ನನ್ನ ದನಿ, ನನಗೆ ಅವಳ ದನಿ. ಅದೂ ಊರಿನವರ ಮಾತು, ನಮ್ಮದಲ್ಲ.

ಹಿಂದಿನ ಬೇಸಿಗೆಯಿಂದ ಅವಳು ತಡ ಮಾಡತೊಡಗಿದ್ದಳು. ನಾನು ಕೂಗಿ ಮುಗಿಸಿ, ಒಂದು ಎಲೆ ಅಡಿಕೆ ಹಾಕಿಕೊಂಡು ಜಗಿದರೂ ಉತ್ತರ ಬರುತ್ತಿರಲಿಲ್ಲ. ಎದುರಿಗೆ ನಿಂತವರು ನನ್ನ ಮೇಲೆ ಸಿಡಿಮಿಡಿಗೊಳ್ಳುತ್ತಿದ್ದರು, ನಾನು ಮನಸ್ಸಿನಲ್ಲೇ ಅವಳ ಮೇಲೆ ಸಿಡಿಮಿಡಿಗೊಳ್ಳುತ್ತಿದ್ದೆ. ಅವಳಿಗೇನಾಗಿದೆ ಎಂದು ಒಮ್ಮೆಯೂ ಯೋಚಿಸಲಿಲ್ಲ. ಅಷ್ಟು ದಣಿವಾಗಿತ್ತು ನನಗೂ.

“ಯಾಕವ್ವಾ ತಿರಕವ್ವಾ, ಇನ್ನೂ ಆಗಿಲ್ಲೇನು?” ಎಂದು ಈರಪ್ಪ ಕೇಳಿದ.

“ಆಚೇಲಿಂದ ದನಿ ಬಂದಿಲ್ಲಪ್ಪಾ. ಕುಂದ್ರು.”

“ಕುಂತು ಕುಂತು ಎತ್ತಿಗೂ ಬ್ಯಾಸರಾಗೇತಿ.”

ಆ ದಿನ ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಹಳ್ಳ ದಂಡೆ ಮೀರಿ ಹರಿಯುತ್ತಿತ್ತು, ಯಾರನ್ನೂ ಕಳಿಸುವಂತಿರಲಿಲ್ಲ. ಊರ ಹಿರಿಯ ಗುರುಶಿದ್ದಪ್ಪ ಬಂದು ಅಂಚಿನಲ್ಲಿ ನಿಂತು, ಹುಬ್ಬಿನ ಮೇಲೆ ಕೈಯಿಟ್ಟು ನೋಡಿದ. ಆಚೆ ಮನೆಯ ಮುಂದೆ ಏನೋ ಕಪ್ಪಗೆ ಕಾಣುತ್ತದೆ, ಅದು ಮನುಷ್ಯರೋ ಕಂಬಳಿಯೋ ಗೊತ್ತಾಗುವುದಿಲ್ಲ ಎಂದ. “ಕಾಯೋಣ” ಎಂದ. ಕಾಯುವುದೇ ನಿಯಮ.

ಊರು ಹಾಗೇ ನಿಂತಿತು. ಈರಪ್ಪನ ಎತ್ತನ್ನು ಅವರಿಬ್ಬರ ಮನೆಗಳ ನಡುವಿನ ಬೇವಿನ ಮರಕ್ಕೆ ಕಟ್ಟಿದರು. ಇಬ್ಬರೂ ಮೇವು ಹಾಕುತ್ತಿದ್ದರು, ಇಬ್ಬರೂ ನೊಗಕ್ಕೆ ಹೂಡುತ್ತಿರಲಿಲ್ಲ. ಎಮ್ಮೆ ಹಾಲನ್ನು ದಿನ ಬಿಟ್ಟು ದಿನ ಹಂಚಿಕೊಂಡರು. ನೇಕಾರರ ಮನೆಯ ಹುಡುಗಿಗೆ ತಾಳಿ ಕಟ್ಟಿಯಾಗಿತ್ತು, ‘ಆಯ್ತು’ ಬಂದಿರಲಿಲ್ಲ. ಅವಳು ಗಂಡನ ಮನೆಗೂ ಹೋಗುವಂತಿಲ್ಲ, ತವರಿನಲ್ಲೂ ಇರುವಂತಿಲ್ಲ. ಕೈಗೆ ಅರಿಸಿನ ಇದ್ದಂತೆಯೇ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಕೂತಳು. ಮನೆ ಪಾಲು ಮಾಡಿಕೊಳ್ಳುತ್ತಿದ್ದ ಅಣ್ಣತಮ್ಮಂದಿರ ನಡುವಿನ ಗೋಡೆ ಮೊಣಕಾಲೆತ್ತರಕ್ಕೆ ಬಂದು ನಿಂತಿತ್ತು. ಜಗಳವಾಡಿದವರೇ ದಿನಕ್ಕೆ ಹತ್ತಾರು ಸಲ ಅದನ್ನು ದಾಟಿಕೊಂಡು ಒಬ್ಬರ ಒಲೆಯಿಂದ ಇನ್ನೊಬ್ಬರು ಕೆಂಡ ತರುತ್ತಿದ್ದರು. ನಾನು ಬೆಳಿಗ್ಗೆ ಮಧ್ಯಾಹ್ನ ಎರಡು ಹೊತ್ತೂ ಎಲ್ಲವನ್ನೂ ಮೊದಲಿನಿಂದ ಕೂಗುತ್ತಿದ್ದೆ. ದನಿ ಒಡೆದು ಹೋಯಿತು.

ಅಂಥದರಲ್ಲಿ ಒಂದು ಮಧ್ಯಾಹ್ನ ಗೌರವ್ವ ಓಡಿ ಬಂದಳು. ಕುಂಬಾರಿಕೆ ಮಾಡುವವಳು. ಮಣ್ಣಿನ ಕೈ ತೊಳೆದಿರಲಿಲ್ಲ.

“ಯಕ್ಕಾ, ಬರ್ತೀಯೇನ? ತಂಗಿ ಮಾತು ಹೇಳಬೇಕಂತಾಳ. ಇನ್ನ ಭಾಳ ಹೊತ್ತು ಇರಂಗಿಲ್ಲಾಕಿ.”

ಅವಳ ತಂಗಿ ಶಾವಂತ್ರೆವ್ವ ಕೆಮ್ಮಿ ಕೆಮ್ಮಿ ಸೊರಗಿ ಹೊರಸು ಹಿಡಿದಿದ್ದಳು. ಗಂಡ ಹಿಂದಿನ ವರ್ಷ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತಿದ್ದ. ನಾಗಿ ಎಂಬ ಒಬ್ಬ ಮಗಳು, ಇನ್ನೂ ಮಾತು ತೊದಲುವ ವಯಸ್ಸು. ನಮ್ಮಲ್ಲಿ ಅಪ್ಪ ಸತ್ತ ಮಗು ಅಪ್ಪನ ಮನೆತನಕ್ಕೆ ಸೇರಬೇಕು, ತಾಯಿ ಬೇರೆ ಹೇಳಿದ್ದರೆ ಮಾತ್ರ ಬೇರೆ. ಅಪ್ಪನ ಮನೆ ಎಂದರೆ ದೊಡ್ಡಪ್ಪ ರಾಯನಗೌಡ ಒಬ್ಬನೇ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ತಮ್ಮನನ್ನು ತಾನೇ ಹೊತ್ತು ಬೆಳೆಸಿದವನು. ಅವನು ಒಳಗೆ ಬರದೆ, ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಒಳಗಿನ ಮಾತು ಅವನಿಗೆ ಕೇಳುವಂತಿರಲಿಲ್ಲ.

ಶಾವಂತ್ರೆವ್ವ ಉಸಿರು ಕೂಡಿಸಿಕೊಂಡು ಹೇಳಿದಳು. “ನನ್ನ ಮಗಳು ನಾಗಿ ನಮ್ಮಕ್ಕನ ಮನ್ಯಾಗ ಬೆಳೀಬೇಕು. ಭಾವಾರು ಕೆಟ್ಟವರಲ್ಲ. ನನ್ನ ಗಂಡನ್ನ ಸಾಕಿದವರು. ಆದ್ರ ಅವರ ಮನ್ಯಾಗ ಮಾತಾಡೋರಿಲ್ಲ. ಕೂಸು ಮೂಕಿ ಆಕ್ಕೈತಿ.”

ನಾನು ಅಷ್ಟನ್ನೂ ತಿರುಗಿ ಹೇಳಿದೆ. ಹೌದೆಂದು ಕಣ್ಣು ಮುಚ್ಚಿ ತೆರೆದಳು. ಕಟ್ಟೆಗೆ ಹೋಗಿ ಕೂಗಿದೆ. ‘ಭಾವಾರು ಕೆಟ್ಟವರಲ್ಲ’ ಎಂಬುದನ್ನೂ ಬಿಡಲಿಲ್ಲ. ಹೇಳಿದ್ದನ್ನೆಲ್ಲ ಕೂಗಬೇಕು, ಯಾವುದು ಬೇಕು ಯಾವುದು ಬೇಡ ಎಂದು ಆರಿಸುವುದು ನಮ್ಮ ಕೆಲಸವಲ್ಲ. ಕೂಗಿದೆ, ಕಾದೆ, ಮತ್ತೆ ಕೂಗಿದೆ. ಗಂಟಲಿನಲ್ಲಿ ರಕ್ತದ ರುಚಿ ಬಂತು. ಆಚೆ ದಂಡೆ ಹಾಗೇ ಇತ್ತು, ಬಿಸಿಲಿನಲ್ಲಿ, ಒಂದು ಮನೆ, ಒಂದು ಕಪ್ಪು ಚುಕ್ಕೆ.

ತಿರುಗಿ ಬಂದಾಗ ಶಾವಂತ್ರೆವ್ವ ಬಾಗಿಲನ್ನೇ ನೋಡುತ್ತಿದ್ದಳು. “ಆಯ್ತಾ ಯಕ್ಕಾ?”

ಆಚೆಯಿಂದ ಕೇಳದೆ ಆ ಮಾತನ್ನು ಆಡಕೂಡದು ಎನ್ನುವುದು ನಮಗೆ ಮೊಟ್ಟಮೊದಲು ಕಲಿಸುವ ಪಾಠ. ಸಾಯುವವಳಿಗೆ ಸಮಾಧಾನಕ್ಕೆಂದು ಸುಳ್ಳು ಹೇಳಿ, ಆಮೇಲೆ ಹೊರಗೆ ಬಂದು ಇಲ್ಲವೆನ್ನುವುದು ನನ್ನಿಂದಾಗದು. ಹೇಳಿದರೆ ಹೇಳಿದಂತೆ ನಿಲ್ಲಬೇಕು.

“ಆಯ್ತು” ಎಂದೆ.

ದೀಪ ಹಚ್ಚುವ ಹೊತ್ತಿಗೆ ಅವಳು ಹೋದಳು. ಅವಳ ಸಾವಿಗೂ ಆಚೆಯ ಉತ್ತರ ಬೇಕಿತ್ತು, ಅದಿಲ್ಲದೆ ಮಣ್ಣು ಮಾಡುವಂತಿರಲಿಲ್ಲ. ಅದಕ್ಕೂ ನಾನೇ ‘ಆಯ್ತು’ ಎಂದೆ. ಒಮ್ಮೆ ಬಾಯಿ ಬಿಟ್ಟಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ ರಾಯನಗೌಡ ನೇರವಾಗಿ ಕಟ್ಟೆಗೆ ಬಂದ. ಗುರುಶಿದ್ದಪ್ಪನೂ ಅಲ್ಲಿದ್ದ, ಊರಿನ ಅರ್ಧ ಜನರಿದ್ದರು.

“ತಿರಕವ್ವಾ, ಆಚೇಲಿಂದ ಉತ್ತರ ಬಂದಿತ್ತೇನು?”

“ಇಲ್ರಿ ಗೌಡ್ರ.”

“ಬರಲಾರದ ನೀ ಆಯ್ತು ಅಂದಿ?”

“ಅಂದೆ. ಆಕಿ ಸಾಯಾಕತ್ತಿದ್ಲು.”

“ಸಾಯೋರು ದಿನಾ ಸಾಯ್ತಾರ.” ಅವನ ದನಿ ಏರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. “ಇವತ್ತ ನೀ ಒಳ್ಳೇದಕ್ಕ ಅಂದಿ. ನಾಳೆ ನಿನ್ನ ತಲ್ಯಾಗ ಏನರ ತಪ್ಪು ಕುಂತು, ನನ್ನ ಹೊಲ ಮತ್ತೊಬ್ಬಂದು ಅಂದಿ ಅಂದ್ರ ನಾ ಯಾರನ್ನ ಕೇಳ್ಲಿ? ಅದಕ್ಕ ಇಬ್ಬರನ್ನ ಇಟ್ಟಿದ್ದು. ಉತ್ತರ ಬಂದಿಲ್ಲಂದ್ರ ಆಗಿಲ್ಲ. ಕೂಸು ನಮ್ಮ ಮನೀದು.”

ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಗೌರವ್ವ ಮಗುವನ್ನು ಕಂಕುಳಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಹಿಂದೆ ನಿಂತಿದ್ದ ಈರಪ್ಪ, “ಆ ಕೂಸಿಗೆ ಆಯ್ತು ಅಂದ್ರ ನನ್ನ ಎತ್ತಿಗೂ ಅಂದಬಿಡವ್ವಾ” ಎಂದ. ಅಣ್ಣತಮ್ಮಂದಿರು ತಮ್ಮ ಗೋಡೆಯ ಮಾತು ತೆಗೆದರು. ಸೋದರತ್ತೆ ತನ್ನ ಪಡಸಾಲೆಯಲ್ಲಿ ಕೂತ ಹುಡುಗಿಯ ಮಾತು ತೆಗೆದಳು.

ಗುರುಶಿದ್ದಪ್ಪ ಕಟ್ಟೆಯ ಮೇಲೆ ಕೂತ. ಅವನಿಗೂ ವಯಸ್ಸಾಗಿತ್ತು. “ಕಾಯೋದು ಅಂದ್ರ ಎಲ್ಲೀತನ? ಹಳ್ಳ ಇಳಿಯೋತನ ಊರು ಉಸುರು ಹಿಡಕೊಂಡು ನಿಂದ್ರಬೇಕೇನು?” ಎಂದ. ಕೊನೆಗೆ ತೀರ್ಮಾನ ಹೇಳಿದ. ಆಚೆಯಿಂದ ಸುದ್ದಿ ಬರುವವರೆಗೆ ತಿರಕವ್ವನ ಒಬ್ಬಳ ಮಾತೇ ನಡೆಯಲಿ. ಆದರೆ ಅದು ಒಂಟಿ ಮಾತು ಎಂದು ಎಲ್ಲರಿಗೂ ನೆನಪಿರಲಿ. ಕಾಯಲು ಆಗುವವರು ಕಾಯಲಿ. ಹಳ್ಳ ಇಳಿದ ಮೇಲೆ ಒಂಟಿ ಮಾತುಗಳನ್ನೆಲ್ಲ ಒಂದರ ಹಿಂದೊಂದು ಆಚೆಗೆ ಮುಟ್ಟಿಸಬೇಕು, ತಕರಾರಿದ್ದದ್ದನ್ನು ಅಲ್ಲಿಯೇ ಬಗೆಹರಿಸಬೇಕು. ಅಲ್ಲಿಯವರೆಗೆ ನಾಗಿ ಗೌರವ್ವನ ಹತ್ತಿರ ಇರಲಿ, ಗೌಡರು ಬೇಕಾದಾಗ ಬಂದು ನೋಡಲಿ. ರಾಯನಗೌಡ ಎದ್ದು ಹೋದ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಭಾರವಾಗುತ್ತದೆ. ಎತ್ತು ದ್ಯಾಮಣ್ಣನ ಕೊಟ್ಟಿಗೆಗೆ ಹೋಯಿತು, ಹುಡುಗಿ ಗಂಡನ ಮನೆಗೆ ಹೋದಳು, ಗೋಡೆ ತಲೆಮಟ್ಟಕ್ಕೆ ಎದ್ದಿತು. ಊರು ಉಸಿರಾಡಿತು. ಆದರೆ ಅವರೆಲ್ಲರ ಬದುಕು ನನ್ನ ಒಂದು ತಲೆಯೊಳಗೆ ಇತ್ತು, ಅದು ಅವರಿಗೂ ಗೊತ್ತಿತ್ತು. ಬಾವಿಗೆ ಹೋದರೆ ಯಾರಾದರೊಬ್ಬರು ಕೈಯಿಂದ ಕೊಡ ಕಸಿದುಕೊಳ್ಳುತ್ತಿದ್ದರು, “ಯವ್ವಾ, ಜಾರಿ ಗೀರಿ ಬಿದ್ದೀ” ಎನ್ನುತ್ತಿದ್ದರು. ನಾನು ಕೆಮ್ಮಿದರೆ ಬೀದಿಯಲ್ಲಿ ಹೋಗುತ್ತಿದ್ದವರು ನಿಲ್ಲುತ್ತಿದ್ದರು. ಅಣ್ಣತಮ್ಮಂದಿರಲ್ಲಿ ಹಿರಿಯವನು ಹಾಲು ತಂದು ನಾನು ಕುಡಿದು ಮುಗಿಸುವವರೆಗೆ ನೋಡುತ್ತ ನಿಲ್ಲುತ್ತಿದ್ದ, ಕಿರಿಯವನು ತುಪ್ಪ ತರುತ್ತಿದ್ದ. ಅಷ್ಟು ಜನ ನನ್ನನ್ನು ಯಾವತ್ತೂ ವಿಚಾರಿಸಿರಲಿಲ್ಲ. ಅದು ನನ್ನ ಮೇಲಿನ ಅಕ್ಕರೆಯಲ್ಲವೆಂದು ಗೊತ್ತಿದ್ದರಿಂದ ತುಪ್ಪವೂ ರುಚಿಸುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ಒಂಟಿ ಮಾತುಗಳನ್ನು ಮೊದಲಿನಿಂದ ಹೇಳಿಕೊಳ್ಳುತ್ತಿದ್ದೆ, ಒಂದು ಸಿಗದಿದ್ದರೆ ಮತ್ತೆ ಮೊದಲಿಗೆ ಹೋಗುತ್ತಿದ್ದೆ. ಆದರೂ ದಿನವೂ ಅಂಚಿಗೆ ಹೋಗಿ ಕೂಗುವುದನ್ನು ಬಿಡಲಿಲ್ಲ. ಉತ್ತರ ಬರುತ್ತದೆಂಬ ಆಸೆಯಿಂದಲ್ಲ. ಕೂಗದೆ ಇದ್ದರೆ ನಾನು ಏನಾಗುತ್ತೇನೋ ಎನ್ನುವ ಹೆದರಿಕೆಯಿಂದ.

ಮಳೆ ನಿಂತು ಹಳ್ಳ ಇಳಿಯಿತು. ಗುರುಶಿದ್ದಪ್ಪ ಗಂಡಸರನ್ನು ಕಳಿಸುತ್ತೇನೆಂದ. ನಾನೇ ಹೋಗುತ್ತೇನೆಂದೆ.

“ನೀ ಹಳ್ಳದಾಗ ಬಿದ್ರ ಊರ ಗತಿ ಏನವ್ವಾ?”

“ನಾ ಹೋಗಲಿಲ್ಲಂದ್ರ ಒಂಟಿ ಮಾತು ಆಚೆ ಯಾರು ಮುಟ್ಟಸ್ತಾರ? ಆಕಿ ಸತ್ತಿದ್ರ ಮತ್ತೊಬ್ಬರಿಗೆ ನಾನಽ ಕಲಿಸಬೇಕಲ್ಲ?”

ಅವನು ವಾದಿಸುವಷ್ಟು ವಾದಿಸಿದ. ಕೊನೆಗೆ ರಾಯನಗೌಡ ಮುಂದೆ ಬಂದ. “ನಾ ಕೈ ಹಿಡಕೊಂಡು ದಾಟಸ್ತೀನಿ. ಈಕಿ ಸತ್ರ ನನ್ನ ತಕರಾರೂ ಸಾಯ್ತೈತಿ” ಎಂದ. ಗೌರವ್ವನೂ ಹೊರಟಳು. ತೀರ್ಮಾನವಾಗುವಾಗ ತಾನು ಅಲ್ಲಿರಬೇಕು ಎಂದಳು, ನಾಗಿಯನ್ನು ಬೆನ್ನಿಗೆ ಕಟ್ಟಿಕೊಂಡಳು.

ಹಳ್ಳದಲ್ಲಿ ನೀರು ಇನ್ನೂ ತೊಡೆಮಟ್ಟ ಇತ್ತು. ರಾಯನಗೌಡ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದು ದಾಟಿಸಿದ. ನಡುವೆ ಗೌರವ್ವನ ಕಾಲು ಜಾರಿದಾಗ ಅವನು ನನ್ನನ್ನು ಒಂದು ಬಂಡೆಗೆ ಒರಗಿಸಿ ಹಿಂದಕ್ಕೆ ಹೋಗಿ ಮಗುವನ್ನು ಎತ್ತಿ ತನ್ನ ಹೆಗಲ ಮೇಲೆ ಕೂರಿಸಿಕೊಂಡ. ಗುಡ್ಡ ಹತ್ತುವವರೆಗೂ ಇಳಿಸಲಿಲ್ಲ. ನಾಗಿ ಅವನ ತಲೆಯ ರುಮಾಲು ಹಿಡಿದು ಏನೇನೋ ತೊದಲುತ್ತಿತ್ತು. ಅವನು ಉತ್ತರ ಕೊಡಲಿಲ್ಲ, ಕೊಡುವುದು ಅವನಿಗೆ ಗೊತ್ತಿರಲಿಲ್ಲ.

ಅಡಿವೆವ್ವ ಸತ್ತಿರಲಿಲ್ಲ. ಮನೆಯ ಮುಂದೆ, ಕೊಳ್ಳದ ಅಂಚಿನಲ್ಲೇ, ಕಂಬಳಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ನಾವು ಈಚೆಯಿಂದ ನೋಡುತ್ತಿದ್ದ ಕಪ್ಪು ಚುಕ್ಕೆ ಅವಳೇ. ಬಾಯಿ ಒಂದು ಕಡೆ ಇಳಿದುಹೋಗಿತ್ತು. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಎನ್ನುವಂತೆ ಬಿದ್ದಿತ್ತು. ಗುಡ್ಡದಲ್ಲಿ ಕುರಿ ಮೇಯಿಸುವ ಒಬ್ಬ ಹೆಣ್ಣುಮಗಳು ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು.

“ಬಾಯಿ ಬಿದ್ದೈತ್ರಿ. ಒಂದ ಮಗ್ಗಲು ಏಳಂಗಿಲ್ಲ” ಎಂದಳು ಅವಳು. “ಒಳಗ ಮಲಗಸ್ತೀನಂದ್ರ ಒಲ್ಲೆ ಅಂತಾಳ. ಇಲ್ಲೇ ಕುಂದರಸು ಅಂತ ಕೈ ಮಾಡ್ತಾಳ. ಮಳ್ಯಾಗೂ ಇಲ್ಲೇ, ಕಂಬಳಿ ಹೊಚಗೊಂಡು. ನೀವು ಒದರಿ ಮುಗಿಸೋತನ ಮಿಸುಗಾಡಂಗಿಲ್ಲ.”

“ಊರಿಗೆ ತಿಳಿಸಬಾರದಿತ್ತೇನವ್ವಾ?”

“ಹಳ್ಳ ತುಂಬಿತ್ತಲ್ರಿ. ನಾನೂ ಒದರಿದೆ. ನನ್ನ ದನಿ ಮುಟ್ಟಲಿಲ್ಲ.”

ನಾನು ಅಡಿವೆವ್ವನ ಎದುರು ಕೂತೆ. ಕಪ್ಪು ಜಡೆಯ ಹುಡುಗಿಯನ್ನು ಕಳಿಸಿದ್ದೆವು, ಈಗ ತಲೆಯೆಲ್ಲ ಹಣ್ಣಾಗಿತ್ತು. ಸುಗ್ಗಿಯ ಜೋಳ ಹೊತ್ತವರ ಜೊತೆ ನಾನೂ ಬರಬಹುದಿತ್ತು. ಬಂದದ್ದು ಕೆಲವೇ ಸಲ, ಆಮೇಲೆ ಅದೂ ನಿಂತಿತ್ತು. ಅವಳು ನನ್ನನ್ನು ನೋಡಿದಳು. ಸರಿಯಿದ್ದ ಕಣ್ಣಿನಿಂದ ನೀರಿಳಿಯಿತು, ಇನ್ನೊಂದು ಕಣ್ಣು ಸುಮ್ಮನೆ ತೆರೆದೇ ಇತ್ತು.

ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಒಂಟಿ ಮಾತುಗಳನ್ನು ಮೊದಲಿನಿಂದ ಹೇಳತೊಡಗಿದೆ. ಈರಪ್ಪನ ಬಿಳಿ ಎತ್ತು, ದ್ಯಾಮಣ್ಣನ ಎಮ್ಮೆ, ಎತ್ತಿನ ಎಡಗೋಡು ಮುರಿದಿದೆ. ಅವಳ ಎಡಗೈ ಎದ್ದು ನೆಲಕ್ಕೆ ಬಡಿಯಿತು. ನಾನು ಬೆಚ್ಚಿ ನಿಲ್ಲಿಸಿದೆ. ಮತ್ತೆ ಬಡಿದಳು. ಆಗ ಹೊಳೆಯಿತು. “ಬಲಗೋಡು” ಎಂದೆ. ಅಂಗೈ ನನ್ನ ಕಡೆ ತೆರೆದು ಎತ್ತಿ ಹಿಡಿದಳು.

ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಳೆಯಲ್ಲಿ, ಕಂಬಳಿಯೊಳಗೆ, ನಾನು ಕೂಗಿದ ಪ್ರತಿಯೊಂದನ್ನೂ ಹಿಡಿದಿಟ್ಟಿದ್ದಳು. ‘ಆಯ್ತು’ ಎನ್ನಲು ಬಾಯಿ ಮಾತ್ರ ಇರಲಿಲ್ಲ.

“ತಡಿ” ಎಂದ ರಾಯನಗೌಡ. “ನಾ ಕೇಳ್ತೀನಿ.” ನನ್ನನ್ನು ಪಕ್ಕಕ್ಕೆ ಸರಿಸಿ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. “ಅಡಿವೆವ್ವಾ, ನಮ್ಮ ತಮ್ಮನ ಹೆಂಡ್ತಿ ಶಾವಂತ್ರೆವ್ವ ಮಾತು ಹೇಳಿದ್ಲು. ಮಗಳು ನಾಗಿ ಭಾವನ ಮನ್ಯಾಗ ಬೆಳೀಬೇಕು ಅಂತ. ಹೌದಲ್ಲ?”

ಅವಳು ನೆಲಕ್ಕೆ ಬಡಿದಳು.

“ಹಂಗಾರ ಅಕ್ಕನ ಮನ್ಯಾಗ?”

ಅಂಗೈ ಮೇಲೆದ್ದಿತು. ಗೌರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಾಯನಗೌಡ ಏಳಲಿಲ್ಲ. ಅವನು ನೆಲ ನೋಡುತ್ತ, ನಮಗೆ ಕೇಳಿಸಬಾರದು ಎನ್ನುವಂತೆ ಸಣ್ಣ ದನಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದ. “ಭಾವ ಕೆಟ್ಟಾಂವ ಅದಾನ, ಅದಕ್ಕ. ಹಂಗ ಅಂದ್ಲಲ್ಲ?”

ಅಡಿವೆವ್ವನ ಕೈ ನೆಲಕ್ಕೆ ಬಡಿಯಿತು. ಬಡಿಯುತ್ತಲೇ ಇತ್ತು. ಮಣ್ಣು ಹಾರಿತು. ಕುರಿಯವಳು ಬಂದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವವರೆಗೆ ಅವಳು ನಿಲ್ಲಿಸಲಿಲ್ಲ.

ಆಮೇಲೆ ನಾನು ಶಾವಂತ್ರೆವ್ವ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಅವನಿಗೆ ಹೇಳಿದೆ. ಭಾವಾರು ಕೆಟ್ಟವರಲ್ಲ, ಗಂಡನ್ನ ಸಾಕಿದವರು, ಆದ್ರ ಅವರ ಮನ್ಯಾಗ ಮಾತಾಡೋರಿಲ್ಲ. ಅವನು ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಮತ್ತೆ ಸುತ್ತಿಕೊಂಡ. “ಖರೇ ಐತಿ” ಎಂದ. “ನಮ್ಮ ಮನ್ಯಾಗ ಮಾತಾಡೋರಿಲ್ಲ.” ನಾಗಿಯ ವಿಷಯದಲ್ಲಿ ಅವನು ಮುಂದೆ ಎಂದೂ ತಕರಾರು ತೆಗೆಯಲಿಲ್ಲ.

ಅಡಿವೆವ್ವ ಮಗುವಿನ ಕಡೆ ಕೈ ಮಾಡಿದಳು. ಗೌರವ್ವ ಹತ್ತಿರ ತಂದು ನಿಲ್ಲಿಸಿದಳು. ಊರಿನಲ್ಲಿ ಹುಟ್ಟಿದ ಪ್ರತಿ ಮಗುವಿನ ಹೆಸರು ಅವಳಿಗೆ ಗೊತ್ತು, ತಾಯಿ ಯಾರು, ಯಾವ ವಾರ ಹುಟ್ಟಿದ್ದು ಎಲ್ಲ ಗೊತ್ತು. ಒಂದು ಮಗುವನ್ನೂ ಅವಳು ನೋಡಿರಲಿಲ್ಲ. ನಾಗಿಯ ಕೆನ್ನೆಯ ಮೇಲೆ ಅಂಗೈಯಿಟ್ಟಳು. ಮಗು ಅವಳ ವಾರೆ ಬಾಯಿ ನೋಡಿ ಅಳಲಿಲ್ಲ, ತಾನೂ ಬಾಯಿ ವಾರೆ ಮಾಡಿ ತೋರಿಸಿತು. ಅಡಿವೆವ್ವನ ಗಂಟಲಿನಿಂದ ಒಂದು ಸದ್ದು ಬಂತು. ಅದು ನಗು ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಇನ್ನು ಆಚೆ ದಂಡೆಗೆ ಯಾರು? ಊರಿನಲ್ಲಿ ಯಾರನ್ನು ಕೇಳಿದರೂ ಒಲ್ಲೆ ಎನ್ನುತ್ತಾರೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಹೊರಡುವ ಹೊತ್ತಿಗೆ ರಾಯನಗೌಡ, “ನಾ ಇಲ್ಲೇ ಇರ್ತೀನಿ” ಎಂದ.

“ಗೌಡ್ರ, ಇದು ಹೊಲ ಉತ್ತಂಗಲ್ರಿ. ನೆನಪು ನಿಂದ್ರತೈತೇನು ನಿಮಗ?”

“ನೀ ಎಲ್ಲಿ ತಪ್ಪತಿ ಅಂತ ಹುಡಕಾಕ ದಿನಾ ಕಟ್ಟಿ ಹತ್ರ ನಿಂತಾಂವ ನಾನು. ಶಾವಂತ್ರೆವ್ವನ ಮಾತು ಬಂದಾಗ ಅಷ್ಟ ಎದ್ದು ಹೋಗ್ತಿದ್ದೆ, ಅದನ್ನ ಕೇಳಾಕ ಧೈರ್ಯ ಆಗ್ತಿರಲಿಲ್ಲ. ಉಳದದ್ದು ನೀ ಒದರಿದ್ದೆಲ್ಲಾ ನನಗ ಬಾಯಿಪಾಠ ಐತಿ, ಕೇಳ.” ಒಂಟಿ ಮಾತುಗಳನ್ನು ಒಂದರ ಹಿಂದೊಂದು ಹೇಳಿದ. ಅಡಿವೆ‍ವ್ವನ ಕೈ ಒಮ್ಮೆಯೂ ನೆಲಕ್ಕೆ ಬೀಳಲಿಲ್ಲ.

ಅವನು ಅಲ್ಲೇ ಉಳಿದ, ಅವನ ಹೊಲವನ್ನು ಗೌರವ್ವನ ಗಂಡ ನೋಡಿಕೊಂಡ. ಹಳ್ಳ ಬತ್ತಿದ ಮೇಲೆ ನಾನೂ ಹೋಗಿ ಆಚೆ ಮನೆಯಲ್ಲಿದ್ದು, ನನಗೆ ಗೊತ್ತಿದ್ದ ಎಲ್ಲವನ್ನೂ ಹಳೆಯ ಕಾಲದಿಂದ ಅವನಿಗೆ ಒಪ್ಪಿಸಿದೆ. ಊರಿನವರು ಹೊಸ ಮಾತುಗಳನ್ನು ಹಿಡಿದುಕೊಂಡು ಕಾದರು. ಈ ಸಲ ಯಾಕೆ ಕಾಯುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು. ಅಡಿವೆವ್ವ ನಮ್ಮಿಬ್ಬರ ನಡುವೆ ಕೂತಿರುತ್ತಿದ್ದಳು. ನಾನು ತಪ್ಪಿದಲ್ಲಿ ಕೈ ಬಡಿಯುತ್ತಿದ್ದಳು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ ಬಡಿದಳು. ಎಷ್ಟೋ ಬದುಗಳು, ಎಷ್ಟೋ ಅಜ್ಜಂದಿರ ಹೆಸರುಗಳು ನನ್ನಲ್ಲಿ ಅದಲುಬದಲಾಗಿದ್ದವು. ನನ್ನ ಹಿಂದೆ ಅವಳಿಲ್ಲದೆ ಇನ್ನೊಂದಿಷ್ಟು ಕಾಲ ನಾನೊಬ್ಬಳೇ ನಡೆಸಿದ್ದರೆ ಊರು ಏನಾಗುತ್ತಿತ್ತೋ. ರಾಯನಗೌಡ ಏನೂ ಅನ್ನಲಿಲ್ಲ. ಅನ್ನಬಹುದಿತ್ತು.

ಕೆಲಸ ಮುಗಿದ ಮೇಲೆ ಅಡಿವೆವ್ವನನ್ನು ಹೊರಸಿನ ಮೇಲೆ ಮಲಗಿಸಿ ಊರಿಗೆ ಹೊತ್ತು ತಂದು ನನ್ನ ಮನೆಯಲ್ಲಿ ಇಟ್ಟುಕೊಂಡೆ. ಜನ ನೋಡಲು ಬಂದರು. ಅವಳು ಮುಖ ಗುರುತಿಸುತ್ತಿರಲಿಲ್ಲ. ಬಂದವರು ಹೆಸರು ಹೇಳಿದರೆ ಅಂಗೈ ಎತ್ತುತ್ತಿದ್ದಳು, ಆಮೇಲೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ಪಡಸಾಲೆಯಲ್ಲಿ ಕೂತಿದ್ದ ನೇಕಾರರ ಹುಡುಗಿ ಬಸುರಿಯಾಗಿ ಬಂದು ಕಾಲಿಗೆ ಬಿದ್ದಳು. ಗೌರವ್ವ ದಿನವೂ ಗಂಜಿ ತರುತ್ತಿದ್ದಳು, ನಾಗಿ ಚಮಚ ಹಿಡಿದು ಕುಡಿಸುತ್ತಿತ್ತು, ಅರ್ಧ ಚೆಲ್ಲುತ್ತಿತ್ತು. ಆಚೆಯಿಂದ ರಾಯನಗೌಡನ ಉತ್ತರ ಬರುತ್ತಿತ್ತು, ನಿಧಾನವಾಗಿ. ಅವನು ಪ್ರತಿಯೊಂದನ್ನೂ ಎರಡು ಸಲ ಹೇಳಿ, ಅನುಮಾನ ಬಂದರೆ ಮತ್ತೆ ಕೂಗು ಎನ್ನುತ್ತಿದ್ದ. ನನ್ನ ಗಂಟಲು ಇನ್ನಷ್ಟು ಸವೆಯಿತು. ಈರಪ್ಪನಂಥವರು ಗೊಣಗಿದರೆ, ಕುಂದ್ರಪ್ಪಾ ಎಂದಷ್ಟೇ ಹೇಳುತ್ತಿದ್ದೆ.

ಬೇಸಿಗೆ ಬಲಿಯುವ ಕಾಲಕ್ಕೆ ಒಂದು ಮುಂಜಾನೆ ಅಡಿವೆವ್ವ ಏಳಲಿಲ್ಲ. ಮೈ ತಣ್ಣಗಾಗಿತ್ತು. ನಾನು ಕಟ್ಟೆಗೆ ಹೋಗಿ ಆ ಮಾತು ಕೂಗಿದೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ಹಿಂದೆ ನೆರೆದಿದ್ದವರ ಮುಖ ಕಪ್ಪಿಟ್ಟಿತು. ಮತ್ತೆ ಶುರುವಾಯಿತೇ ಎಂದು ಗುರುಶಿದ್ದಪ್ಪ ಕೂತಲ್ಲೇ ಕಣ್ಣು ಮುಚ್ಚಿದ. ಆಗ ಯಾರೋ ಕೈ ತೋರಿಸಿದರು. ಆಚೆ ಗುಡ್ಡದ ದಾರಿಯಲ್ಲಿ ಒಂದು ಬಿಳಿ ರುಮಾಲು ಕೆಳಗಿಳಿಯುತ್ತಿತ್ತು.

ಮಧ್ಯಾಹ್ನ ತಿರುಗಿದ ಮೇಲೆ ರಾಯನಗೌಡ ನನ್ನ ಅಂಗಳಕ್ಕೆ ಬಂದ. ಕಾಲೆಲ್ಲ ಧೂಳಾಗಿತ್ತು.

“ಗೌಡ್ರ, ನೀವಽ ಜಾಗಾ ಬಿಟ್ಟು ಬಂದ್ರ ಹೆಂಗ?” ಎಂದ ಗುರುಶಿದ್ದಪ್ಪ.

“ಬರೇ ಕೇಳಿ ಆಯ್ತು ಅನ್ನಾಕ ಬಾಯಿ ಏಳಲಿಲ್ಲ” ಎಂದ ಅವನು. “ಆಕೀನ್ನ ನೋಡ್ತೀನಿ. ನೋಡಿ ಹೋಗಿ ಹೇಳ್ತೀನಿ.”

ಅವಳ ತಲೆಯ ಹತ್ತಿರ ಕೂತ. ನಾಗಿ ಬಂದು ಅವನ ತೊಡೆಯ ಮೇಲೆ ಕೂತು, ಅಜ್ಜಿ ಇವತ್ತು ಗಂಜಿ ಕುಡಿಯಲೇ ಇಲ್ಲ ಎಂದು ತನ್ನ ತೊದಲಿನಲ್ಲಿ ದೂರು ಹೇಳಿತು. “ಹೌದೇನವ್ವಾ” ಎಂದ ಅವನು. “ಬ್ಯಾರೆ ಏನು ಮಾಡಿದ್ಲು?” ಮಗು ಹೇಳಿತು. ಅವನು ಕೇಳಿದ. ಆಮೇಲೆ ಮಗುವನ್ನು ಇಳಿಸಿ, ಅಡಿವೆವ್ವನ ಕಾಲಿಗೆ ಹಣೆ ಮುಟ್ಟಿಸಿ, ಒಂದು ಚೆಂಬು ನೀರು ಕುಡಿದು, ಬಂದ ದಾರಿಯಲ್ಲೇ ತಿರುಗಿ ಹೊರಟ.

ನಾವು ಹೆಣದ ಜೊತೆ ಕಾದೆವು. ಯಾರೂ ಗೊಣಗಲಿಲ್ಲ, ಯಾರೂ ಮನೆಗೆ ಹೋಗಲಿಲ್ಲ. ನಾನು ಕಟ್ಟೆಯ ಮೇಲೆ ಕಾಲು ಚಾಚಿ ಕೂತೆ. ಉತ್ತರ ಬೇಗ ಬರಲಿ ಎಂದು ಆ ದಿನ ನನಗೆ ಅನ್ನಿಸಲಿಲ್ಲ.

ಬಿಸಿಲು ಆಚೆ ದಂಡೆಯ ತುದಿಯಲ್ಲಷ್ಟೇ ಉಳಿದಿದ್ದಾಗ ದನಿ ಬಂತು. ಅಡಿವೆವ್ವ, ಆಚೆ ದಂಡೆಯಲ್ಲಿ ಊರಿನ ಮಾತು ಹಿಡಿದವಳು, ಇವತ್ತು ಮುಂಜಾನೆ ತಿರಕವ್ವನ ಮನೆಯಲ್ಲಿ ತೀರಿಕೊಂಡಳು. ಒಂದಕ್ಷರ ಬಿಡದೆ ಎರಡು ಸಲ ಹೇಳಿದ. ಆಮೇಲೆ ಆಯ್ತು ಎಂದ. ನಾನು ಊರಿನವರ ಕಡೆ ತಿರುಗಿ ಆಯ್ತು ಎಂದೆ. ಗಂಡಸರು ಎದ್ದು ಹೆಗಲು ಕೊಟ್ಟರು.